ಇಲ್ಲ ಎನ್ನಬಾರದ ಬಂಡೆ

ನಮ್ಮ ಬಂಡಪಲ್ಲಿಯ ಮೂಡಣಕ್ಕೆ ಎರಡು ಗುಡ್ಡಗಳಿವೆ. ಒಂದು ಕಾಲದಲ್ಲಿ ಅದು ಒಂದೇ ಗುಡ್ಡವಾಗಿತ್ತಂತೆ. ತವರಿಗೆ ಹೋಗಿ ಕೂತ ಹೆಂಡತಿಯನ್ನು ಕರೆತರಲು ಹೊರಟ ಗಾಳಿರಾಯನಿಗೆ ಸುತ್ತು ಬಳಸಿ ಹೋಗುವಷ್ಟು ತಾಳ್ಮೆ ಇರಲಿಲ್ಲ. ಭುಜ ಕೊಟ್ಟು ನಡುವೆಯೇ ಸೀಳಿಕೊಂಡು ಬಂದ. ಆ ಸೀಳಿನ ನೇರಕ್ಕೆ, ಊರಿಗಿಂತ ಎರಡಾಳು ಎತ್ತರದಲ್ಲಿ, ಚಾಪೆ ಹಾಸಿದಂತೆ ಮಲಗಿರುವುದು ನಮ್ಮ ಬಂಡೆ. ಪಕ್ಕದ ರಾಯಲ್ಪಾಡಿನಲ್ಲಿ ಎಲೆ ಅಲುಗದ ದಿನವೂ ಸಂಕ್ರಾಂತಿಯ ಆಸುಪಾಸಿನ ಮಧ್ಯಾಹ್ನ ಆ ಬಂಡೆಯ ಮೇಲೆ ಹೆಗಲಿನ ಸೆರಗು ಹೆಗಲ ಮೇಲಿರುವುದಿಲ್ಲ. ಅದಕ್ಕೇ ಅದು ನಮ್ಮೂರಿನ ಕಣ. ರಾಗಿ ಒಕ್ಕುವುದು ಅಲ್ಲೇ, ತೂರುವುದು ಅಲ್ಲೇ, ರಾಶಿ ಹಾಕುವುದೂ ಅಲ್ಲೇ.

ಈ ಗಾಳಿರಾಯನ ಸಂಸಾರದ ಗುಟ್ಟೆಲ್ಲ ನನಗೆ ಹೇಳಿದ್ದು ನಮ್ಮಜ್ಜಿ ಮುನಿಗಂಗಮ್ಮ. ನಾನು ಅವಳ ಹೆಸರಿನ ಅರ್ಧವನ್ನೂ ಅವಳ ಕಥೆಗಳನ್ನು ಪೂರ್ತಿಯೂ ಇಟ್ಟುಕೊಂಡು ಬೆಳೆದ ಗಂಗಾಲಕ್ಷ್ಮಿ.

ಬಂಡೆಗೆ ಅದರದ್ದೇ ಕಾನೂನುಗಳಿವೆ. ಚಪ್ಪಲಿ ಬುಡದಲ್ಲೇ ಬಿಡಬೇಕು. ರಾಶಿಯ ನೆತ್ತಿಯ ಮೇಲೆ ಸಗಣಿಯ ಬೆನಕನನ್ನು ಕೂರಿಸಿ ಗರಿಕೆ ಸಿಕ್ಕಿಸಬೇಕು. ಬೆನಕ ಕೂತಿರುವಷ್ಟು ಹೊತ್ತು ರಾಶಿಯ ಮುಂದೆ ಯಾರು ಬಂದು ಏನು ಕೇಳಿದರೂ ‘ಇಲ್ಲ’ ಎನ್ನಬಾರದು. ಹಿಂದೆ ಗುಡ್ಡದಾಚೆಯ ಊರಿನ ಯಾವನೋ ಒಬ್ಬ ಜಿಪುಣ, ಮೊರ ಒಡ್ಡಿ ನಿಂತ ಮುದುಕಿಗೆ ‘ಇಲ್ಲ ಹೋಗಮ್ಮ’ ಅಂದನಂತೆ. ಮುದುಕಿಯಾಗಿ ಬಂದಿದ್ದವಳು ಗಾಳಿರಾಯನ ಹೆಂಡತಿ. ‘ಇಲ್ಲವಾ? ಸರಿ ಹಾಗಾದರೆ’ ಅಂದಳು. ರಾಶಿ ನಿಂತಲ್ಲೇ ಹೊಟ್ಟಾಯಿತು. ಏಳು ವರ್ಷ ಆ ಊರಿಗೆ ಗಾಳಿ ಬರಲಿಲ್ಲ. ಜನ ರಾಗಿಯನ್ನು ಬಾಯಿಂದ ಊದಿ ಊದಿ ಹಸನು ಮಾಡಿಕೊಂಡರು.

“ಅದಕ್ಕೇ ಗುಡ್ಡದಾಚೆಯವ್ರ ಕೆನ್ನೆ ಇವತ್ಗೂ ಊದ್ಕೊಂಡಿರೋದು,” ಎಂದು ಅಜ್ಜಿ ಕಥೆ ಮುಗಿಸುತ್ತಿದ್ದಳು.

“ಕನ್ನಡದಲ್ಲಿ ಇಲ್ಲ ಅನ್ಬಾರ್ದು ಸರಿ. ತೆಲುಗಲ್ಲಿ ಲೇದು ಅಂದ್ರೆ?” ಎಂದು ನಾನು ಚಿಕ್ಕವಳಿದ್ದಾಗ ಕೇಳಿದ್ದೆ.

“ಗಾಳಿಗೆ ಎರಡೂ ಭಾಷೆ ಬರುತ್ತೆ ಕಣೇ.”

ಹೋದ ವರ್ಷ ನಮ್ಮ ತಾಲ್ಲೂಕಿಗೆ ಒಂದು ಕಂಪನಿ ಬಂತು. ದೂರದ ಸಮುದ್ರದೊಳಗೆ, ದಡದಲ್ಲಿ ನಿಂತವರ ಕಣ್ಣಿಗೂ ಕಾಣದಷ್ಟು ಒಳಗೆ, ತೆಂಗಿನ ಮರಕ್ಕೆ ಹತ್ತು ಪಟ್ಟು ಎತ್ತರದ ಫ್ಯಾನುಗಳನ್ನು ನೆಟ್ಟು ಕರೆಂಟು ತೆಗೆಯುವ ಕಂಪನಿ. ಆ ಕರೆಂಟು ತಂತಿ ಹಿಡಿದು ಬರುವ ದಾರಿಯಲ್ಲಿ ನಮ್ಮ ಕಡೆ ಒಂದು ಸಬ್‌ಸ್ಟೇಷನ್ನಿನಲ್ಲಿ ಇಳಿದು, ಜೋರು ತಗ್ಗಿಸಿಕೊಂಡು, ಮುಂದಿನ ಊರುಗಳಿಗೆ ಹೋಗಬೇಕಿತ್ತು. ಹಾಗೆ ಕಟ್ಟುವ ಸಬ್‌ಸ್ಟೇಷನ್ನನ್ನು ಊರವರ ಜೊತೆ ಕೂತು, ಊರವರ ಸಲಹೆ ಕೇಳಿ, ಊರವರದ್ದೇ ಎನ್ನುವಂತೆ ಕಟ್ಟಬೇಕೆಂದು ಕಂಪನಿಗೆ ಎಲ್ಲಿಂದಲೋ ಅಪ್ಪಣೆಯಾಗಿತ್ತು. ಕೂರಲು ಊರವರು ಬೇಕಲ್ಲ? ಅವರನ್ನು ಕರೆತರಲು ಒಬ್ಬಳು ಹುಡುಗಿ ಬೇಕಿತ್ತು. ಬಿ.ಎ. ಮುಗಿಸಿ, ಕನ್ನಡ ತೆಲುಗು ಎರಡೂ ಮಾತಾಡುತ್ತಾ, ಬಸ್ಸಿನ ಕಿಟಕಿಯಿಂದ ಮೋಡಗಳಿಗೆ ಹೆಸರಿಡುತ್ತಾ ಓಡಾಡುತ್ತಿದ್ದ ನಾನು ‘ಸಮುದಾಯ ಸಂಯೋಜಕಿ’ಯಾದೆ.

ನನ್ನ ಮೇಲಿನವರು ಶೋಭಾರಾಣಿ ಮೇಡಂ. ಬೆಂಗಳೂರಿನವರು, ಸಹಭಾಗಿತ್ವ ತಜ್ಞೆ. ಅಂಥ ಮೃದು ಮಾತಿನವರನ್ನು ನಾನು ಕಂಡಿಲ್ಲ. ಕೆಲಸಕ್ಕೆ ಸೇರಿದ ವಾರವೇ ನಾನು ಒಂದು ದಿನ ರಜೆ ಕೇಳಿದ್ದೆ. ಅವರು ಎದೆಯ ಮೇಲೆ ಕೈಯಿಟ್ಟು, “ನಿಮ್ಮ ಭಾವನೆಯನ್ನು ದಾಖಲಿಸಿಕೊಂಡಿದ್ದೇನೆ,” ಎಂದರು. ನಾನು ಸಂತೋಷದಿಂದ ಮನೆಗೆ ಬಂದೆ. ಮರುದಿನ ಬೆಳಿಗ್ಗೆ ಜೀಪು ಬಾಗಿಲಿಗೆ ಬಂದು ಹಾರನ್ ಹೊಡೆದಾಗಲೇ ರಜೆ ಸಿಕ್ಕಿಲ್ಲವೆಂದು ತಿಳಿದದ್ದು.

ಮೇಡಂ ಬಳಿ ಒಂದು ಕೈಪಿಡಿ ಇತ್ತು. ಸಮುದ್ರದಂಡೆಯ ಹಳ್ಳಿಗಳಿಗಾಗಿ ಬರೆದದ್ದು. ಬಂಡಪಲ್ಲಿಗೂ ಸಮುದ್ರಕ್ಕೂ ನಡುವೆ ಎಷ್ಟು ದೂರವಿದೆಯೆಂದು ಅಚ್ಚು ಹಾಕಿಸಿದವರು ನೋಡಿರಲಿಲ್ಲ. ಮನೆಮನೆ ಸಮೀಕ್ಷೆಯ ಮೊದಲ ಪ್ರಶ್ನೆಯೇ ‘ನಿಮ್ಮ ದೋಣಿಯ ಉದ್ದವೆಷ್ಟು?’

ನಮ್ಮ ದೊಡ್ಡವೆಂಕಟಪ್ಪ ಮಾವನನ್ನು ಕೇಳಿದೆ. ಊರಿನ ಮುಂದಾಳು, ಎಂಥ ಪ್ರಶ್ನೆಗೂ ಉತ್ತರವಿಲ್ಲದೆ ಕೂತವರಲ್ಲ.

“ಬರ್ಕೊಳ್ಳಮ್ಮ. ಹಿತ್ಲಲ್ಲಿ ಒಂದು ಕಲ್ಲುಬಾನಿ ಐತೆ, ನಾಲ್ಕಡಿ. ಎಮ್ಮೆ ನೀರು ಕುಡಿಯಕ್ಕೆ. ತೇಲಲ್ಲ ಅಂತ ಪಕ್ಕದಲ್ಲಿ ಬರಿ.”

“ತಿಂಗಳಲ್ಲಿ ಎಷ್ಟು ದಿನ ಕಡಲಿಗೆ ಇಳೀತೀರಿ ಮಾವ?”

“ಏನ್ಲೇ ಇದು! ನನ್ಗೆ ಕೆರೇಲಿ ಇಳಿದ್ರೇ ನೆಗಡಿ ಆಗುತ್ತೆ. ಸೊನ್ನೆ ಹಾಕು.”

ಸಮೀಕ್ಷೆ ಮುಗಿಯಿತು. ಮುಂದೆ ಒಪ್ಪಿಗೆಯ ಸಭೆ. ಎಂಜಿನಿಯರ್ ವೇಣುಗೋಪಾಲ್ ಸಾರ್ ಎರಡು ಜಾಗ ಗುರುತಿಸಿದ್ದರು. ಒಂದು, ರಾಯಲ್ಪಾಡು ರಸ್ತೆಯ ಪಕ್ಕ ಜಾಲಿ ಕೂಡ ಬೆಳೆಯದ ಸರ್ಕಾರಿ ಕಲ್ಲುಭೂಮಿ. ಇನ್ನೊಂದು, ಕಾಗದದ ಮೇಲೆ ಎರಡು ಹೆಸರು ಇರಲೇಬೇಕೆಂಬ ಕಾರಣಕ್ಕೆ ಸೇರಿಸಿದ್ದು, ನಮ್ಮ ಬಂಡೆ.

“ಊರವರು ಮನಸ್ಸು ಬಿಚ್ಚಿ ಮಾತಾಡುವ ಜಾಗದಲ್ಲಿ ಸಭೆ ಇಡಬೇಕು. ಅಂಥದ್ದು ಯಾವುದಿದೆ?” ಎಂದು ಮೇಡಂ ಕೇಳಿದರು.

ನನ್ನ ಕಣ್ಣ ಮುಂದೆ ಬಂಡೆ ಬಂತು. ಸಂಜೆಯ ಬಿಸಿಲು, ಬಂಗಾರದ ಧೂಳಿನಂತೆ ಹಾರುವ ಹೊಟ್ಟು, ಸೀಳಿನಿಂದ ಇಣುಕುವ ಗಾಳಿರಾಯ. ಎಷ್ಟು ಚಂದ ಇರುತ್ತದೆ! ಅದು ತೂರುವ ಕಾಲವೆಂದು ನೆನಪಿತ್ತು. ತೂರಿದ ಮೇಲೆ ರಾಶಿ ಇರುತ್ತದೆ, ರಾಶಿಯ ಮೇಲೆ ಬೆನಕ ಇರುತ್ತಾನೆ ಎಂಬುದು ಮಾತ್ರ ನೆನಪಿಗೆ ಬರಲಿಲ್ಲ.

“ಬಂಡೆ ಮೇಡಂ,” ಎಂದೆ.

ಸಭೆಯ ದಿನ ಅಜ್ಜಿಯ ರಾಶಿ ಬಿದ್ದಿತ್ತು. ಮೇಡಂ ಬೂಟು ಹಾಕಿಕೊಂಡೇ ಮೇಲೆ ಬಂದರು. ಗುಡ್ಡದ ಸೀಳು ಕಾಣದಂತೆ ದೊಡ್ಡದೊಂದು ಫ್ಲೆಕ್ಸ್ ಕಟ್ಟಿಸಿದರು. ಅದರಲ್ಲಿ ನೀಲಿ ಅಲೆ, ಅಲೆಯ ಮೇಲೆ ನಗುವ ಡಾಲ್ಫಿನ್ನು. ಫ್ಲೆಕ್ಸ್ ಕಟ್ಟಿದ ಕೂಡಲೇ ಗಾಳಿ ನಿಂತಿತು. ಅಜ್ಜಿ ಎತ್ತಿದ್ದ ಮೊರವನ್ನು ಹಾಗೇ ಕೆಳಗಿಳಿಸಿದಳು.

“ಸಮುದ್ರದ ಗಾಳಿಯನ್ನು ನಿಮ್ಮೂರಿಗೆ ತರುತ್ತಿದ್ದೇವೆ,” ಎಂದು ಮೇಡಂ ಶುರುಮಾಡಿದರು. ಕಟ್ಟಡ ಎಷ್ಟು ಎತ್ತರ, ಗೋಡೆ ಎಷ್ಟು ಉದ್ದ ಎಂದು ಹೇಳಿ, ಕೊನೆಗೆ ಕೈಮುಗಿದು ಕೇಳಿದರು: “ನಿಮ್ಮ ಈ ಬಂಡೆಯನ್ನು ನಮಗೆ ಕೊಡುತ್ತೀರಾ?”

ಎಲ್ಲರ ಕಣ್ಣು ರಾಶಿಯ ಮೇಲೆ. ರಾಶಿಯ ಮೇಲೆ ಬೆನಕ. ಬಂಡೆಯ ಕಾನೂನು ನನಗೆ ಆಗ ನೆನಪಾಯಿತು.

“ಯಾರಾದರೂ ಮಾತಾಡಿ. ಸಂಕೋಚ ಬೇಡ.”

ದೊಡ್ಡವೆಂಕಟಪ್ಪ ಮಾವ ಗಂಟಲು ಸರಿಮಾಡಿಕೊಂಡರು. “ಮೇಡಮ್ಮೋರೆ, ಇಲ್ಲೇನು ಮಾತು... ಕೆಳಗಿಳಿದು ನಮ್ಮನೆಗೆ ಬನ್ನಿ. ಕಾಫಿ ಕುಡೀತಾ ಮಾತಾಡಾನ.”

‘ಆತ್ಮೀಯ ಸ್ವಾಗತ’ ಎಂದು ಮೇಡಂ ಬರೆದುಕೊಂಡರು. ಹಾಲಿನ ಡೇರಿಯ ಸುನಂದಕ್ಕ, “ಸೊಲ್ಪ ತಡೆದು ಕೇಳ್ಬಾರ್ದಾ, ರಾಶಿ ಎತ್ತಿದ್ಮೇಲೆ?” ಎಂದಳು. ಅದು ‘ಸುಗ್ಗಿಯ ನಂತರ ಕಾಮಗಾರಿಗೆ ಸಮ್ಮತಿ’ಯಾಯಿತು. ಮೇಡಂ ಅಜ್ಜಿಯ ಕಡೆ ತಿರುಗಿದರು. “ಅಜ್ಜಿ, ನೀವೇ ಹಿರಿಯರು. ಕೊಡುತ್ತೀರಾ?”

ಅಜ್ಜಿ ಮೇಡಂ ಮುಖ ನೋಡಿದಳು, ಬೂಟು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನನ್ನನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದಳು.

“ಕೇಳ್ಬಿಟ್ಯಲ್ಲಮ್ಮ,” ಎಂದಳು. “ಆಗ್ಲಿ.”

ನೂರಕ್ಕೆ ನೂರು ಒಪ್ಪಿಗೆ. ಮೇಡಂ ಫೋಟೊ ಹಿಡಿದು ಜೀಪು ಹತ್ತಿದರು. ಊರವರು ಬಂಡೆ ಇಳಿದು, ಬುಡದಲ್ಲಿ ಚಪ್ಪಲಿ ಮೆಟ್ಟಿಕೊಂಡದ್ದೇ ತಡ, “ಇಲ್ಲ! ಆಗಲ್ಲ! ಕುದರದು!” ಎಂದು ಕೂಗಾಡತೊಡಗಿದರು. ಒಂದು ಗಂಟೆ ತಡೆದಿಟ್ಟಿದ್ದ ಇಲ್ಲಗಳೆಲ್ಲ ಒಟ್ಟಿಗೆ ಹೊರಬಂದವು. ಜೀಪು ಅಷ್ಟರಲ್ಲಿ ಗೌನಿಪಲ್ಲಿ ದಾಟಿರಬೇಕು.

ಅಜ್ಜಿ ನನ್ನ ಜೊತೆ ಜಗಳವಾಡಲಿಲ್ಲ. “ನಿನ್ನ ತಲೇಲಿ ಕಥೆ ತುಂಬ್ದೋಳು ನಾನೇ. ಜಿಪುಣನ್ನ ನೆನಪಲ್ಲಿಟ್ಕೊಂಡೆ, ಗಾಳೀನ ನೆನಪಲ್ಲಿಟ್ಕೊಂಡೆ, ಬೆನಕನ್ನ ಮರ್ತೆ,” ಎಂದಳಷ್ಟೆ. ಆವತ್ತಿನಿಂದ ಕಥೆ ಹೇಳುವುದನ್ನು ನಿಲ್ಲಿಸಿದಳು. ನಾನೇ ಹೋಗಿ ಪಕ್ಕದಲ್ಲಿ ಕೂತರೆ ಎದ್ದು ಹೋಗಿ ಕೋಳಿಗೆ ಕಾಳು ಹಾಕುತ್ತಿದ್ದಳು.

ಮೂರನೆಯ ದಿನ ಅಜ್ಜಿಯೂ ಮಾವನೂ ಬಸ್ಸು ಹತ್ತಿ ಶ್ರೀನಿವಾಸಪುರದ ನಮ್ಮ ಕಚೇರಿಗೆ ಬಂದರು. ಚಪ್ಪಲಿ ಬಿಡದೆಯೇ ಒಳಗೆ ಬಂದು ನಿಂತರು.

“ನಾವು ಇಲ್ಲ ಅನ್ನಕ್ಕೆ ಬಂದಿದೀವಿ ತಾಯಿ,” ಎಂದರು ಮಾವ.

ಮೇಡಂ ಎದೆಯ ಮೇಲೆ ಕೈಯಿಟ್ಟರು. “ನಿಮ್ಮ ಕಳವಳವನ್ನು ದಾಖಲಿಸಿಕೊಂಡಿದ್ದೇವೆ. ಆದರೆ ಒಪ್ಪಿಗೆಯ ಹಂತ ದಾಟಿ ಬಂದಿದ್ದೇವಲ್ಲ, ಈಗ ವಿನ್ಯಾಸದ ಹಂತ. ನಿಮ್ಮ ಸಬ್‌ಸ್ಟೇಷನ್ನು ಹೇಗಿರಬೇಕೆಂದು ನೀವೇ ತೀರ್ಮಾನಿಸುತ್ತೀರಿ!” ಎಂದು ಬಣ್ಣದ ಹಾಳೆ ಮುಂದಿಟ್ಟರು. ಕಡಲ ನೀಲಿ, ಅಲೆಯ ಹಸಿರು, ಮರಳಿನ ಹಳದಿ. ಮೂರರಲ್ಲಿ ಒಂದು.

ಮೂಲೆಯಲ್ಲಿ ಕೂತಿದ್ದ ವೇಣುಗೋಪಾಲ್ ಸಾರ್ ನಿಟ್ಟುಸಿರು ಬಿಟ್ಟರು. “ನನಗೆ ರಸ್ತೆ ಪಕ್ಕದ ಕಲ್ಲುಭೂಮೀನೇ ಬೇಕಿತ್ತು ಅಜ್ಜಿ. ಲಾರಿ ನೇರ ಬರುತ್ತೆ. ಆ ಬಂಡೆ ಮೇಲಕ್ಕೆ ಟ್ರಾನ್ಸ್‌ಫಾರ್ಮರ್ ಹತ್ತಿಸೋದು ಅಂದ್ರೆ ಆನೇನ ಅಟ್ಟಕ್ಕೆ ಹತ್ತಿಸಿದ ಹಾಗೆ. ಆದ್ರೆ ಕಲ್ಲುಭೂಮೀಲಿ ಯಾರೂ ಕೂತು ಒಪ್ಪಿಗೆ ಕೊಟ್ಟಿಲ್ವಲ್ಲ.”

ಹೊರಗೆ ಬಂದು ಬಸ್ಸಿಗೆ ಕಾಯುವಾಗ ಅಜ್ಜಿ ಯಾರಿಗೂ ಅಲ್ಲದಂತೆ ಹೇಳಿದಳು: “ಬರೋ ಗಾಳಿಗೆ ಜಾಗ ಮಾಡ್ಬೇಕು ಅಂತ ಇರೋ ಗಾಳೀನ ಓಡಿಸ್ತಾರಂತೆ.”

ಆ ವಾರ ನನಗೆ ಬಂದ ಕೆಲಸ ಕೈಪಿಡಿಯನ್ನು ಕನ್ನಡಕ್ಕೆ ತರುವುದು. ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಬರೆಯುತ್ತಿದ್ದೆ. ಅಜ್ಜಿ ಒಳಗೆ ನೆನೆಸಿದ ಅವರೆಕಾಳು ಹಿಚುಕುತ್ತಿದ್ದಳು. ಕಾಳು ಸಿಪ್ಪೆಯಿಂದ ಚಿಮ್ಮಿ ಪಾತ್ರೆಗೆ ಟಪ್ ಎಂದು ಬೀಳುತ್ತಿತ್ತು. ನಲವತ್ತೊಂದನೆಯ ಪುಟದಲ್ಲಿ ನನ್ನ ಪೆನ್ನು ನಿಂತಿತು.

“ಅಜ್ಜೀ, ಇದು ಕೇಳು.”

ಟಪ್.

“ವಿನ್ಯಾಸ ಶಿಬಿರದಲ್ಲಿ ಊರವರು ಕೊಡುವ ಯಾವ ಸಲಹೆಗೂ ‘ಇಲ್ಲ’ ಎನ್ನತಕ್ಕದ್ದಲ್ಲ. ಬಂದ ಸಲಹೆಗಳೆಲ್ಲ ನಕ್ಷೆಯಲ್ಲಿ ಕಾಣಿಸತಕ್ಕದ್ದು. ಒಂದು ಸಲಹೆ ಬಿಟ್ಟುಹೋದರೂ ಯೋಜನೆಯ ಅಂಕ ಕಡಿತವಾಗುತ್ತದೆ.”

ಟಪ್ ಸದ್ದು ನಿಂತಿತು.

“ಇನ್ನೊಂದ್ಸಲ ಓದು.”

ಓದಿದೆ. ಅಜ್ಜಿ ಕೈ ತೊಳೆದುಕೊಂಡು ಬಂದು, ಸಭೆಯಾದ ಮೇಲೆ ಮೊದಲ ಸಲ ನನ್ನ ಪಕ್ಕದಲ್ಲೇ ಕೂತಳು. “ಅವ್ರಿಗೂ ಒಂದು ರಾಶಿ ಐತೆ ಕಣೇ ಗಂಗಿ. ಅದ್ರ ಮೇಲೂ ಒಬ್ಬ ಬೆನಕ ಕೂತವ್ನೆ. ದೊಡ್ಡವೆಂಕಟಪ್ಪನ್ನ ಕರಿ. ಸುನಂದನ್ನೂ ಕರಿ.”

ಶಿಬಿರ ನಡೆದದ್ದು ಹಾಲಿನ ಡೇರಿಯಲ್ಲಿ. ಮೇಜಿನ ಮೇಲೆ ಥರ್ಮೊಕೋಲಿನ ಮಾದರಿ: ಬಂಡೆ, ಅದರ ಮೇಲೆ ನಾಲ್ಕು ಗೋಡೆ, ಚಾವಣಿ, ಪೆಟ್ಟಿಗೆಗಳು, ಕಂಬಗಳು, ಗೋಡೆಯ ಮೇಲೆ ಅದೇ ಡಾಲ್ಫಿನ್ನು. ವೇಣುಗೋಪಾಲ್ ಸಾರ್ ಕೈಯಲ್ಲಿ ಬ್ಲೇಡು ಮತ್ತು ಗೋಂದು. ಊರವರು ಹೇಳಿದಂತೆ ಅಲ್ಲಲ್ಲೇ ತಿದ್ದಬೇಕು. ಮೇಡಂ ಪುಸ್ತಕ ಬಿಚ್ಚಿ, “ಮನಸ್ಸು ಬಿಚ್ಚಿ ಹೇಳಿ,” ಎಂದರು.

“ಮೂಡಣದ ಗೋಡೆ ಬ್ಯಾಡ ಮೇಡಮ್ಮೋರೆ,” ಎಂದರು ಮಾವ. “ಗಾಳಿ ಆ ಕಡೆಯಿಂದ ಬರೋದು.”

“ದಾಖಲಿಸಿಕೊಂಡಿದ್ದೇವೆ.” ಬ್ಲೇಡು ಆಡಿತು. ಗೋಡೆ ಹೋಯಿತು.

“ಬಂದ ಗಾಳಿ ಹೋಗ್ಬೇಕಲ್ಲ?” ಎಂದಳು ಅಜ್ಜಿ. “ಮನೆಗೆ ಬಂದೋರ್ನ ಕೂಡಿ ಹಾಕ್ತಾರಾ? ಪಡುವಣದ್ದೂ ತೆಗೀರಿ.”

ಅದೂ ಹೋಯಿತು. ಸುನಂದಕ್ಕ ಚಾವಣಿ ಇದ್ದರೆ ತೆನೆ ಒಣಗುವುದಿಲ್ಲವೆಂದಳು. ಚಾವಣಿ ಹಾರಿತು. ಆಸರೆಯಿಲ್ಲದ ಉಳಿದೆರಡು ಗೋಡೆಗಳು ತಾವಾಗಿಯೇ ವಾಲಿದವು. ಅವನ್ನು ಎತ್ತಿ ನಿಲ್ಲಿಸಲು ಯಾರೂ ಸಲಹೆ ಕೊಡಲಿಲ್ಲ. ಹೊಟ್ಟು ಹಾರಿ ತಂತಿಗೆ ಸುತ್ತಿಕೊಂಡರೆ ಕರೆಂಟಿಗೇ ತೊಂದರೆಯೆಂದು ಮಾವ ಮರುಕಪಟ್ಟರು. ಕಂಬಗಳು ಗುಡ್ಡದ ಹಿಂದಕ್ಕೆ ಹೋದವು.

ಉಳಿದದ್ದು ಟ್ರಾನ್ಸ್‌ಫಾರ್ಮರಿನ ದೊಡ್ಡ ಪೆಟ್ಟಿಗೆ. ಅಜ್ಜಿ ಬಗ್ಗಿ ಅದರ ಕೆಳಗೆ ನೋಡಿದಳು.

“ಇದ್ರ ಕಾಲಲ್ಲಿ ಏನೈತೆ ಸಾರ್?”

“ಉಕ್ಕಿನ ಅಡಿಪಾದ ಅಜ್ಜಿ. ಬೋಲ್ಟ್ ಹಾಕಿ ಬಿಗಿದಿರ್ತೀವಿ.”

“ಬಿಚ್ಚಿ ಬುಡದಲ್ಲಿ ಬಿಟ್ಟು ಬರ್ಲಿ. ಬಂಡೆ ಮೇಲೆ ಯಾರೂ ಮೆಟ್ಕೊಂಡು ಬರಂಗಿಲ್ಲ. ನಮ್ಮ ಎಮ್ಮೆಲ್ಲೆ ಬಂದಾಗ್ಲೂ ಬಿಟ್ಟೇ ಬಂದಿದ್ದು.”

ವೇಣುಗೋಪಾಲ್ ಸಾರ್ ಮೇಡಂ ಕಡೆ ನೋಡಿದರು. ಮೇಡಂ ಪುಸ್ತಕದ ಕಡೆ ನೋಡಿದರು. ಅವರ ಬಾಯಲ್ಲಿ ಒಂದು ಪುಟ್ಟ ಪದ ಹುಟ್ಟಿ, ತುಟಿಯವರೆಗೆ ಬಂದು, ಅಲ್ಲೇ ನಿಂತದ್ದನ್ನು ನಾನು ಕಣ್ಣಾರೆ ಕಂಡೆ. ಆ ಪದ ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮೂರಿಗೆ ಊರೇ ಒಂದು ಗಂಟೆ ಬಾಯಲ್ಲಿಟ್ಟುಕೊಂಡು ಕೂತಿದ್ದ ಪದ ಅದು.

“ದಾಖಲಿಸಿಕೊಂಡಿದ್ದೇವೆ,” ಎಂದರು ಮೇಡಂ, ನೀರು ಕುಡಿದು.

ಅಡಿಪಾದವಿಲ್ಲದೆ ಟ್ರಾನ್ಸ್‌ಫಾರ್ಮರ್ ನಿಲ್ಲುವುದಿಲ್ಲ. ಪೆಟ್ಟಿಗೆಯೂ ಹೋಯಿತು. ಇಷ್ಟು ಹೊತ್ತಿಗೆ ವೇಣುಗೋಪಾಲ್ ಸಾರ್ ಮುಖದಲ್ಲಿ ಬೆಳಕು ಬಂದಿತ್ತು. “ಇನ್ನೇನಾದ್ರೂ ತೆಗೀಬೇಕಾ ಅಜ್ಜಿ? ಸಂಕೋಚ ಬೇಡ,” ಎಂದು ಬ್ಲೇಡು ಝಳಪಿಸಿದರು.

ಮೇಜಿನ ಮೇಲೆ ಬರಿಯ ಬಂಡೆ, ಪಕ್ಕದಲ್ಲಿ ಬಿದ್ದ ಡಾಲ್ಫಿನ್ನು.

“ಆ ಮೀನು ಇರ್ಲಿ,” ಎಂದಳು ಅಜ್ಜಿ. “ಪಾಪ, ಅಷ್ಟು ದೂರದಿಂದ ಬಂದೈತೆ.”

ನಕ್ಷೆ ಮೇಲಕ್ಕೆ ಹೋಯಿತು. ಒಂದೂ ಸಲಹೆ ಬಿಟ್ಟುಹೋಗಿಲ್ಲವಾದ್ದರಿಂದ ನೂರಕ್ಕೆ ನೂರು ಅಂಕ ಬಂತು. ಅಂಥ ನಕ್ಷೆಯನ್ನು ತಿದ್ದುವಂತಿಲ್ಲ. ಅದರಲ್ಲಿ ಯಂತ್ರ ಇಡಲು ಜಾಗವೂ ಇಲ್ಲ. ಕೊನೆಗೆ ಕಂಪನಿಯ ದೊಡ್ಡವರು ದಾರಿ ಕಂಡುಕೊಂಡರು. ಬಂಡೆಯು ‘ಸಮುದಾಯ ವಿನ್ಯಾಸಿತ ಭಾಗ’, ರಸ್ತೆ ಪಕ್ಕದ ಕಲ್ಲುಭೂಮಿ ಅದರ ‘ತಾಂತ್ರಿಕ ವಿಸ್ತರಣೆ’. ಯಂತ್ರಗಳೆಲ್ಲ ವಿಸ್ತರಣೆಗೆ ಹೋದವು. ಬೆಂಗಳೂರಿನ ಹೋಟೆಲಿನಲ್ಲಿ ಶೋಭಾರಾಣಿ ಮೇಡಂಗೆ ಒಂದು ಪ್ರಶಸ್ತಿಯೂ ಬಂತು. ನನ್ನನ್ನೂ ಜೊತೆಗೆ ಕರೆದೊಯ್ದಿದ್ದರು. ಪರದೆಯ ಮೇಲೆ ನಮ್ಮ ಬರಿಯ ಬಂಡೆಯ ಚಿತ್ರ ಮೂಡಿದಾಗ ಕೋಟು ತೊಟ್ಟವರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. “ಎಂಥ ಸರಳತೆ!” ಎಂದು ನನ್ನ ಪಕ್ಕದವರು ಕಣ್ಣೊರೆಸಿಕೊಂಡರು.

ಬರುವಾಗ ಕಾರಿನಲ್ಲಿ ಮೇಡಂ ಖುಷಿಯಾಗಿದ್ದರು. ನಾನೂ ಖುಷಿಯಾಗಿದ್ದೆ. ಕಿಟಕಿಯಾಚೆ ಮೋಡಗಳು ಸಾಲಾಗಿ ತವರಿಗೆ ಹೋಗುತ್ತಿದ್ದವು. ಆ ಗುಂಗಿನಲ್ಲಿ ಗಾಳಿರಾಯ, ಅವನ ಹೆಂಡತಿ, ಜಿಪುಣ, ಬೆನಕ, ಎಲ್ಲವನ್ನೂ ಒಂದೂ ಬಿಡದೆ ಹೇಳಿಬಿಟ್ಟೆ. ಈ ಸಲ ಬೆನಕನನ್ನು ಮರೆಯಲಿಲ್ಲ, ಅದೇ ತಪ್ಪಾಯಿತು. ಮೇಡಂ ಅದನ್ನೂ ದಾಖಲಿಸಿಕೊಂಡರು.

ಈ ಸಂಕ್ರಾಂತಿಗೆ ಮತ್ತೆ ರಾಶಿ ಬಿತ್ತು. ಬಂಡೆಯ ಬುಡದಲ್ಲೀಗ ಸಿಮೆಂಟಿನ ಡಾಲ್ಫಿನ್ನು ಇದೆ. ಊರವರು ಅದರ ಬೆನ್ನ ಮೇಲೆ, ಬಾಲದ ಕೆಳಗೆ ಚಪ್ಪಲಿ ಬಿಡುತ್ತಾರೆ. ಹಳೆಯ ಫ್ಲೆಕ್ಸಿನ ಮೇಲೆ ಸುನಂದಕ್ಕನ ಹುಣಸೆಹಣ್ಣು ಒಣಗುತ್ತಿತ್ತು. ಅಜ್ಜಿ ತೂರುತ್ತಿದ್ದಳು. ಮೇಡಂ ಬಂದರು. ಈ ಸಲ ಬೂಟು ಬಿಚ್ಚಿ ಡಾಲ್ಫಿನ್ನಿನ ಪಕ್ಕದಲ್ಲಿ ಜೋಡಿಸಿಟ್ಟು, ಬರಿಗಾಲಲ್ಲಿ ಮೇಲೆ ಬಂದು, ನೇರ ರಾಶಿಯ ಮುಂದೆ ನಿಂತು, ಬೆನಕನಿಗೆ ಕೈಮುಗಿದರು. ಕಾರಿನಲ್ಲಿ ನಾನು ಹೇಳಿದ್ದರಲ್ಲಿ ಒಂದನ್ನೂ ಅವರು ಮರೆತಿರಲಿಲ್ಲ.

“ಅಜ್ಜಿ, ಒಂದೇ ಒಂದು ಟವರು. ಸೀಳಿನ ಎದುರಿಗೆ, ಈ ಮೂಲೆಯಲ್ಲಿ. ತಂತಿಗೆ ಹತ್ತಿರದ ದಾರಿ,” ಎಂದರು. ಆಮೇಲೆ ನಿಧಾನವಾಗಿ, ಒಂದೊಂದೇ ಪದ ಆಯ್ದು, “ರಾಶಿಯ ಮುಂದೆ ನಿಂತು ಕೇಳುತ್ತಿದ್ದೇನೆ. ಕೊಡುತ್ತೀರಾ?”

ದೊಡ್ಡವೆಂಕಟಪ್ಪ ಮಾವ ನನ್ನ ಕಡೆ ತಿರುಗಿ, “ಏನ್ಲೇ ಗಂಗಿ, ಹೇಳ್ಬಿಟ್ಯಾ?” ಎಂದು ಹಲ್ಲು ಕಡಿದರು. ಟವರಿನ ಜೊತೆ ಅದರ ಬುಡ ಬರುತ್ತದೆ, ಬುಡದ ಸುತ್ತ ಬೇಲಿ ಬರುತ್ತದೆ. ಸೀಳಿನ ಬಾಯಿಗೆ ಬೇಲಿ ಬಿದ್ದರೆ ತೂರುವವರಿಗೆ ಮೊರ ಹಿಡಿದು ನಿಲ್ಲಲೂ ಜಾಗವಿರುವುದಿಲ್ಲ.

ಅಜ್ಜಿ ಅವಸರಪಡಲಿಲ್ಲ. ರಾಶಿಯಿಂದ ಒಂದು ಮೊರ ರಾಗಿ ತುಂಬಿ, ಮೇಡಂ ದುಪ್ಪಟ್ಟಾ ಒಡ್ಡಿಸಿ ಸುರಿದಳು. ಕೇಳಿದವರು ಬರಿಗೈಲಿ ಹೋಗಬಾರದಲ್ಲ. ಆಮೇಲೆ ಮೊರವನ್ನು ಕಂಕುಳಿಗೆ ಸಿಕ್ಕಿಸಿ, ಬಲಗೈಯನ್ನು ಎದೆಯ ಮೇಲಿಟ್ಟುಕೊಂಡಳು.

“ದಾಖಲ್ ಮಾಡ್ಕೊಂಡಿದೀವಿ ಕಣಮ್ಮ.”

ಮೇಡಂ ಕಾದರು. ಮುಂದೆ ಮಾತು ಬರಲಿಲ್ಲ. ಬರುವುದಿಲ್ಲವೆಂದು ಜಗತ್ತಿನಲ್ಲಿ ಯಾರಿಗಾದರೂ ಚೆನ್ನಾಗಿ ಗೊತ್ತಿದ್ದರೆ ಅದು ಅವರಿಗೇ. ಎರಡೂ ಕೈಯಲ್ಲಿ ದುಪ್ಪಟ್ಟಾದ ರಾಗಿ ಹಿಡಿದಿದ್ದರಿಂದ ಪುಸ್ತಕ ತೆಗೆಯಲೂ ಆಗಲಿಲ್ಲ.

ಸೀಳಿನಿಂದ ಗಾಳಿ ಬಂತು. ಅಜ್ಜಿ ಮೊರ ಎತ್ತಿದಳು. ಹೊಟ್ಟು ಮೇಡಂ ತಲೆಯ ಮೇಲೆ ಹಾಯ್ದು ಹೋಯಿತು.

“ನಿಂತ್ಕೊಂಡು ಏನ್ ನೋಡ್ತೀಯೇ ಗಂಗಿ? ಮೇಡಮ್ಮೋರು ಕೇಳವ್ರೆ. ಬರ್ಕೋ,” ಎಂದಳು ಅಜ್ಜಿ.

ನಾನು ಪೆನ್ನಿಗಾಗಿ ತಡಕಾಡಿದೆ. ಅದು ಚಪ್ಪಲಿಯ ಜೊತೆ ಡಾಲ್ಫಿನ್ನಿನ ಹತ್ತಿರ ಉಳಿದುಹೋಗಿತ್ತು.